ಊರು ದಾಟಿದರೂ ಓದು ಉಳಿಯಲಿ

ಕಣಕುಂಬಿ, ಜಾಂಬೋಟಿ ಕಡೆ ಮಳೆ ಹಿಡಿಯುವ ಹೊತ್ತಿಗೆ ಖಾನಾಪುರ ತಾಲ್ಲೂಕಿನ ಮನೆಗಳಲ್ಲಿ ಒಂದೇ ಮಾತು: ಪಿಯುಸಿ ಮುಗಿಸಿದ ಮಗಳನ್ನು ಇಲ್ಲೇ ಡಿಗ್ರಿಗೆ ಹಚ್ಚುವುದೋ, ಬೆಳಗಾವಿಗೆ ಕಳಿಸುವುದೋ? ಖಾನಾಪುರದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಸುಮಾರು 26 ಕಿ.ಮೀ. ದೂರದ ಬೆಳಗಾವಿಯಲ್ಲಿ 1933ರ ಲಿಂಗರಾಜ ಕಾಲೇಜು, 1945ರ ರಾಣಿ ಪಾರ್ವತಿದೇವಿ ಕಾಲೇಜು ಸೇರಿ ಹಲವು ಸಂಸ್ಥೆಗಳಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆಯೂ ಇಲ್ಲ.

ಮೊದಲ ವರ್ಷಕ್ಕೆ ಸೀಟು ಸಿಗುವುದು ಈಗ ದೊಡ್ಡ ಮಾತಲ್ಲ. ನಡುದಾರಿಯಲ್ಲಿ ಊರು ಬದಲಾದರೆ ಏನು ಗತಿ ಎಂಬುದೇ ದೊಡ್ಡ ಮಾತು. ಮದುವೆಯಾಗಿ ಚಂದಗಡಕ್ಕೆ ಹೋದವಳು, ಅಪ್ಪನ ಕೆಲಸ ತಪ್ಪಿ ಗೋವಾದಿಂದ ಲೋಂಡಾಕ್ಕೆ ಮರಳಿದವನು, ಒಂದು ವರ್ಷ ಓದಿ ಮನೆಯ ತಾಪತ್ರಯಕ್ಕೆ ಕಾಲೇಜು ಬಿಟ್ಟು ಈಗ ಮತ್ತೆ ಬಂದವಳು, ಇವರೆಲ್ಲ ಕಾಲೇಜಿನ ಕಚೇರಿಯಲ್ಲಿ ಕೇಳುವುದು ಒಂದೇ: ‘ಪಾಸಾದ ವಿಷಯಾನೂ ಮತ್ತ ಬರೀಬೇಕೇನ್ರೀ?’

ಉತ್ತರ ಹೇಳಬಲ್ಲ ನಿಯಮಗಳು ದೆಹಲಿಯಲ್ಲಿವೆ, ಬೆಂಗಳೂರಿನಲ್ಲಿವೆ, ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿವೆ. ಅವೆಲ್ಲವನ್ನೂ ಒಟ್ಟಿಗೆ ಓದಿ, ಕೂಡಿಸಿ, ಅರ್ಜಿಯ ರೂಪಕ್ಕೆ ತರುವ ಹೊರೆ ಮಾತ್ರ ಹದಿನೆಂಟು ಹತ್ತೊಂಬತ್ತರ ಮಕ್ಕಳ ಹೆಗಲ ಮೇಲಿದೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು ಅವರೇ ಆಗಿರುವ ಕಡೆ ಈ ಹೊರೆ ಇನ್ನೂ ಭಾರ. ಓದಿದ್ದನ್ನು ಲೆಕ್ಕಕ್ಕೆ ಹಿಡಿಯುವ ಜವಾಬ್ದಾರಿ ಸಂಸ್ಥೆಯದಾಗಬೇಕು ಎಂಬುದೇ ಈ ಲೇಖನದ ವಾದ.

ಬಾಗಿಲಲ್ಲಿ ಕೇಳುವ ಕಾಗದ

ಪದವಿ ಪ್ರವೇಶದ ಮೂಲ ಅರ್ಹತೆ ಸರಳ: ಪಿಯುಸಿ ಅಥವಾ ಅದಕ್ಕೆ ಸಮಾನವೆಂದು ಒಪ್ಪಿದ ಪರೀಕ್ಷೆ ಪಾಸಾಗಿರಬೇಕು. ಬಿ.ಎ.ಗೆ ಯಾವ ವಿಭಾಗದವರಾದರೂ ನಡೆಯುತ್ತದೆ. ಬಿಎಸ್ಸಿಗೆ ವಿಜ್ಞಾನ ಓದಿರಬೇಕು. 2021–22ರಿಂದ ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶಕ್ಕೆ ಬಂದಿದೆ. ವಿದ್ಯಾರ್ಥಿ ಅದರಲ್ಲಿ ಅರ್ಜಿ ತುಂಬುತ್ತಾನೆ, ಕಾಲೇಜು ಪರಿಶೀಲಿಸುತ್ತದೆ, ವಿಶ್ವವಿದ್ಯಾಲಯ ಒಪ್ಪಿಗೆ ಕೊಡುತ್ತದೆ.

ಅರ್ಜಿಯ ಜೊತೆಗೆ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಈ ಭಾಗದಲ್ಲಿ ಇನ್ನೂ ಎಲ್‌ಸಿ ಎಂದೇ ಕರೆಯುವ ವರ್ಗಾವಣೆ ಪ್ರಮಾಣಪತ್ರ, ಜಾತಿ–ಆದಾಯ ಪ್ರಮಾಣಪತ್ರ, ಆಧಾರ್ ಇರಬೇಕು. ಕರ್ನಾಟಕದ ಮಂಡಳಿಯಲ್ಲಿ ಓದಿದವರಿಗೆ ಇಷ್ಟು ಸಾಕು. ಮಹಾರಾಷ್ಟ್ರದ ಹನ್ನೆರಡನೆಯ ತರಗತಿ ಅಥವಾ ಗೋವಾ ಮಂಡಳಿಯ ಪರೀಕ್ಷೆ ಮುಗಿಸಿ ಬಂದವರಿಗೆ ಇನ್ನೆರಡು ಕಾಗದ ಬೇಕಾಗುತ್ತವೆ. ಒಂದು, ಬಿಟ್ಟುಬಂದ ಮಂಡಳಿ ಕೊಡುವ ಮೈಗ್ರೇಷನ್ ಪ್ರಮಾಣಪತ್ರ. ಇನ್ನೊಂದು, ಸೇರುವ ವಿಶ್ವವಿದ್ಯಾಲಯ ಕೊಡುವ ಅರ್ಹತಾ ಪ್ರಮಾಣಪತ್ರ, ಕಚೇರಿಯ ಮಾತಿನಲ್ಲಿ ‘ಎಲಿಜಿಬಿಲಿಟಿ’. ಇವು ಬರುವ ತನಕ ಪ್ರವೇಶ ತಾತ್ಕಾಲಿಕ. ಕ್ಲಾಸಿಗೆ ಕೂತರೂ ಪರೀಕ್ಷಾ ಅರ್ಜಿ ತುಂಬುವಾಗ ಈ ಕಾಗದ ಇಲ್ಲದೆ ತಡೆ ಬೀಳುತ್ತದೆ.

ಇಲ್ಲಿ ಪಾಲಕರು ತಿಳಿದಿರಬೇಕಾದ ಸಂಗತಿಯೊಂದಿದೆ. ಮೂಲ ಅಂಕಪಟ್ಟಿ, ಶಾಲೆ ಬಿಟ್ಟ ಪ್ರಮಾಣಪತ್ರಗಳನ್ನು ಕಾಲೇಜು ಪರಿಶೀಲಿಸಿ ಅಲ್ಲೇ ಮರಳಿಸಬೇಕು, ತನ್ನ ಬಳಿ ಇಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಕ್ಟೋಬರಿನಲ್ಲೇ ಹೇಳಿದೆ. ಅದೇ ಸುತ್ತೋಲೆಯಲ್ಲಿ ಫೀ ವಾಪಸಿನ ಲೆಕ್ಕವೂ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟರೆ ಪೂರ್ತಿ ಫೀ, ಆಮೇಲೆ ಕೊನೆಯ ದಿನದೊಳಗೆ ಶೇ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50 ಹಣ ಮರಳಬೇಕು. ಖಾನಾಪುರದಲ್ಲಿ ಒಮ್ಮೆ ಫೀ ಕಟ್ಟಿ, ನಂತರ ಬೆಳಗಾವಿಯಲ್ಲಿ ಸೀಟು ಸಿಕ್ಕವರಿಗೆ, ಬೆಳಗಾವಿಯಲ್ಲಿ ಸೇರಿ ದಿನಾ ಓಡಾಟ ಆಗದೆ ಊರಿಗೆ ಮರಳುವವರಿಗೆ ಇದು ನೇರ ಉಪಯೋಗಕ್ಕೆ ಬರುವ ನಿಯಮ.

ಕಾಲೇಜು ಬದಲಿ: ಎರಡು ದಾರಿ

ಖಾನಾಪುರದ ಕಾಲೇಜೂ ಬೆಳಗಾವಿಯ ಬಹುಪಾಲು ಕಲಾ–ವಾಣಿಜ್ಯ ಕಾಲೇಜುಗಳೂ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಒಂದೇ ವಿಶ್ವವಿದ್ಯಾಲಯದೊಳಗಿನ ಬದಲಿ ಹೋಲಿಕೆಯಲ್ಲಿ ಸಲೀಸು. ಬಹುಪಾಲು ಕಡೆ ಪಠ್ಯ ಒಂದೇ, ಪರೀಕ್ಷೆ ಒಂದೇ, ಅಂಕಪಟ್ಟಿ ಕೊಡುವವರೂ ಒಬ್ಬರೇ. ಸಾಮಾನ್ಯವಾಗಿ ಮೂರನೆಯ ಅಥವಾ ಐದನೆಯ ಸೆಮಿಸ್ಟರಿನ ಆರಂಭದಲ್ಲಿ ಎರಡೂ ಕಾಲೇಜುಗಳ ಎನ್‌ಒಸಿ ಪಡೆದು ವಿಶ್ವವಿದ್ಯಾಲಯದ ಅನುಮತಿಗೆ ಹಾಕಬೇಕು. ಸೆಮಿಸ್ಟರಿನ ನಡುವೆ ಬದಲಾಯಿಸಿದರೆ ಹಾಜರಾತಿಯ ಲೆಕ್ಕ ಕೆಡುತ್ತದೆ. ಶೇ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವುದೇ ಕಷ್ಟ.

ಸಲೀಸು ಎಂದರೂ ತೊಡಕಿಲ್ಲ ಎಂದಲ್ಲ. ದೊಡ್ಡ ಕಾಲೇಜಿನಲ್ಲಿ ಎಂಟು ಹತ್ತು ಐಚ್ಛಿಕ ವಿಷಯಗಳಿರುತ್ತವೆ, ತಾಲ್ಲೂಕು ಕಾಲೇಜಿನಲ್ಲಿ ನಾಲ್ಕೈದು. ಬೆಳಗಾವಿಯಲ್ಲಿ ಮನಃಶಾಸ್ತ್ರವನ್ನೋ ಭೂಗೋಳವನ್ನೋ ಆರಿಸಿಕೊಂಡವಳು ಊರ ಕಾಲೇಜಿಗೆ ಮರಳಿದರೆ ಅಲ್ಲಿ ಆ ವಿಷಯವೇ ಇಲ್ಲದಿರಬಹುದು. ಭಾಷೆಯದೂ ಇದೇ ಕಥೆ. ಖಾನಾಪುರ ತಾಲ್ಲೂಕಿನ ಇಟಗಿ, ಬೀಡಿ, ಕಕ್ಕೇರಿ ಕಡೆಯ ಮಕ್ಕಳು ಕನ್ನಡದಲ್ಲಿ ಓದಿ ಬರುತ್ತಾರೆ. ಪಶ್ಚಿಮದ ಹಳ್ಳಿಗಳ ಮಕ್ಕಳು ಹೆಚ್ಚಾಗಿ ಮರಾಠಿಯಲ್ಲಿ ಓದಿರುತ್ತಾರೆ, ಮನೆಯಲ್ಲಿ ಕೊಂಕಣಿ ಆಡುವವರೂ ಇದ್ದಾರೆ. ಭಾಷಾ ವಿಷಯ ಯಾವುದು ಸಿಗುತ್ತದೆ ಎಂಬುದನ್ನು ಅನೇಕ ಸಲ ತೀರ್ಮಾನಿಸುವುದು ಅಲ್ಲಿ ಯಾವ ಭಾಷೆಯ ಉಪನ್ಯಾಸಕರಿದ್ದಾರೆ ಎಂಬುದೇ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಮೇಲೆ ನಿಂತಿರುವಾಗ, ಈ ವರ್ಷ ಇದ್ದ ವಿಷಯ ಮುಂದಿನ ವರ್ಷವೂ ಇರುತ್ತದೆ ಎಂಬ ಭರವಸೆ ಗಟ್ಟಿಯಲ್ಲ.

ಬೇರೆ ವಿಶ್ವವಿದ್ಯಾಲಯದಿಂದ ಬಂದರೆ ದಾರಿ ಉದ್ದ. ಪಾಸಾದ ಪ್ರತಿ ಪತ್ರಿಕೆಯ ಅಂಕಪಟ್ಟಿ, ಆ ವಿಶ್ವವಿದ್ಯಾಲಯ ದೃಢೀಕರಿಸಿದ ಪಠ್ಯಕ್ರಮದ ಪ್ರತಿ, ಮೈಗ್ರೇಷನ್, ಎನ್‌ಒಸಿ, ಎಲ್ಲವನ್ನೂ ಒಂದು ಫೈಲು ಮಾಡಿ ಕೊಡಬೇಕು. ಆ ವಿಷಯದ ಅಧ್ಯಯನ ಮಂಡಳಿ ಎರಡೂ ಪಠ್ಯಗಳನ್ನು ಎದುರುಬದುರು ಇಟ್ಟು ನೋಡುತ್ತದೆ. ಹೊಂದಿದ ಪತ್ರಿಕೆಗೆ ಸಮಾನತೆ ಸಿಗುತ್ತದೆ, ಹೊಂದದವನ್ನು ಮತ್ತೆ ಬರೆಯಬೇಕು. ಮಂಡಳಿಯ ಸಭೆ ಸೇರುವುದು ತಡವಾದರೆ ಸೆಮಿಸ್ಟರ್ ಕಾಯುವುದಿಲ್ಲ. ತೀರ್ಮಾನ ಬರುವಷ್ಟರಲ್ಲಿ ಪರೀಕ್ಷಾ ಶುಲ್ಕ ಕಟ್ಟುವ ದಿನ ಕಳೆದುಹೋದರೆ, ವಿದ್ಯಾರ್ಥಿಯ ತಪ್ಪಿಲ್ಲದೆ ಒಂದು ವರ್ಷ ಕೈಬಿಡುತ್ತದೆ.

ಎರಡು ನೀತಿಗಳ ನಡುವೆ ಒಬ್ಬಳು

ಈ ತೊಡಕಿಗೆ ರಾಜ್ಯದ ನೀತಿ ಬದಲಾವಣೆ ಇನ್ನೊಂದು ಗಂಟು ಹಾಕಿದೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. 2021–22ರಲ್ಲಿ ಸೇರಿದವರಿಗೆ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂಬ ವ್ಯವಸ್ಥೆ ಬಂತು. ಯಾವ ಹಂತದಲ್ಲಾದರೂ ಹೊರಗೆ ಹೋಗಿ, ಅನುಕೂಲವಾದಾಗ ಮರಳಿ ಬರಬಹುದು ಎಂಬುದು ಅದರ ದೊಡ್ಡ ಆಶ್ವಾಸನೆ. ಮೂರು ವರ್ಷ ಕಳೆಯುವಷ್ಟರಲ್ಲಿ ಸರ್ಕಾರ ಬದಲಾಯಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ 2023ರ ಅಕ್ಟೋಬರಿನಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಹೊರಟು, 2024–25ರಿಂದ ಮತ್ತೆ ಮೂರು ವರ್ಷದ ಪದವಿ ಬಂತು.

ಈಗ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ನಂದಗಡದವಳು. 2021ರಲ್ಲಿ ಬಿ.ಎ. ಸೇರಿ ಇತಿಹಾಸ ಮತ್ತು ಅರ್ಥಶಾಸ್ತ್ರ ತೆಗೆದುಕೊಂಡಳು. ಎರಡೂ ಸೆಮಿಸ್ಟರ್ ಪಾಸಾದಳು. 2022ರಲ್ಲಿ ಮನೆಯಲ್ಲಿ ಕಷ್ಟ ಬಂದು ಓದು ನಿಂತಿತು. ಈಗ ಮತ್ತೆ ಓದಬೇಕು ಎಂದು ಬಂದಿದ್ದಾಳೆ. ಅವಳ ಅಂಕಪಟ್ಟಿಯಲ್ಲಿ ಎರಡು ಭಾಷೆ, ಎರಡು ಮುಖ್ಯ ವಿಷಯ, ಒಂದು ಓಪನ್ ಇಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿಯಂಥ ಕೌಶಲ ಪತ್ರಿಕೆ ಇವೆ. ಈಗ ನಡೆಯುತ್ತಿರುವ ಬಿ.ಎ.ಯಲ್ಲಿ ಮುಖ್ಯ ವಿಷಯಗಳು ಮೂರು. ಅವಳು ನೇರ ಎರಡನೆಯ ವರ್ಷಕ್ಕೆ ಕೂತರೆ ಮೂರನೆಯ ವಿಷಯದ ಮೊದಲ ಎರಡು ಸೆಮಿಸ್ಟರಿನ ಪತ್ರಿಕೆ ಅವಳ ಬಳಿ ಇಲ್ಲ. ಓದಿ ಪಾಸಾದ ಓಪನ್ ಇಲೆಕ್ಟಿವ್ ಅನ್ನು ಯಾವ ಖಾನೆಗೆ ಹಾಕುವುದು ಎಂದು ಕೇಳಿದರೆ ತಾಲ್ಲೂಕು ಕಾಲೇಜಿನ ಕಚೇರಿಯಲ್ಲಿ ತಾವೇ ಉತ್ತರ ಹೇಳುವ ಅಧಿಕಾರ ಯಾರಿಗೂ ಇಲ್ಲ.

ನ್ಯಾಯವಾದ ಉತ್ತರ ಕಷ್ಟದ್ದಲ್ಲ. ಭಾಷೆಗಳು, ಇತಿಹಾಸ, ಅರ್ಥಶಾಸ್ತ್ರ ಪೂರ್ತಿ ಲೆಕ್ಕಕ್ಕೆ ಬರಬೇಕು. ಕೌಶಲ ಪತ್ರಿಕೆಯನ್ನು ಈಗಿನ ಕಡ್ಡಾಯ ಪತ್ರಿಕೆಗಳಲ್ಲಿ ಒಂದಕ್ಕೆ ಹೊಂದಿಸಬೇಕು. ಮೂರನೆಯ ವಿಷಯದ ಎರಡು ಪತ್ರಿಕೆಗಳನ್ನು ಎರಡನೆಯ ವರ್ಷದ ಓದಿನ ಜೊತೆಗೇ ಬರೆದು ಮುಗಿಸಲು ಬಿಡಬೇಕು. ಇಂಥ ಸಮಾನತಾ ಪಟ್ಟಿಯನ್ನು ವಿಷಯವಾರು ಮೊದಲೇ ಸಿದ್ಧಮಾಡಿ ಅಚ್ಚು ಹಾಕಿದರೆ ಅವಳಿಗೆ ಒಂದು ವರ್ಷ ಉಳಿಯುತ್ತದೆ. ಪಟ್ಟಿ ಕೈಗೆ ಸಿಗದಿದ್ದರೆ ‘ಮೊದಲಿಂದ ಸೇರಿಬಿಡವ್ವಾ, ಅದೇ ಸುಲಭ’ ಎಂಬ ಸಲಹೆ ಸಿಗುತ್ತದೆ. ಕಷ್ಟಪಟ್ಟು ಮರಳಿ ಬಂದವಳಿಗೆ ಮೂರು ವರ್ಷ ಎಂದರೆ ಎಷ್ಟು ಎಂಬುದು ಆ ಸಲಹೆಯಲ್ಲಿ ಇರುವುದಿಲ್ಲ.

ಕ್ರೆಡಿಟ್ ಬ್ಯಾಂಕಿನ ಖಾತೆ

ಓದಿನ ಲೆಕ್ಕ ಊರಿಂದೂರಿಗೆ ಸಾಗಲಿ ಎಂದೇ 2021ರ ಜುಲೈನಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಾವಳಿ ತಂದಿತು. ಡಿಜಿಲಾಕರ್ ಮೂಲಕ ವಿದ್ಯಾರ್ಥಿ ಖಾತೆ ತೆರೆಯುತ್ತಾನೆ. ಈಗ ಅದು 12 ಅಂಕಿಯ ಅಪಾರ್ ಸಂಖ್ಯೆಗೆ ಜೋಡಣೆಯಾಗಿದೆ. ಪಾಸಾದ ಪತ್ರಿಕೆಯ ಕ್ರೆಡಿಟ್, ಅಂದರೆ ಓದಿನ ಗಂಟೆಗಳ ಲೆಕ್ಕದ ಅಂಕ, ಆ ಖಾತೆಗೆ ಜಮೆಯಾಗಿ, ಹೆಚ್ಚೆಂದರೆ ಏಳು ವರ್ಷ ಉಳಿಯುತ್ತದೆ. ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಶೇ 50 ಕ್ರೆಡಿಟ್ ಗಳಿಸಿರಬೇಕು, ಉಳಿದದ್ದು ಬೇರೆಡೆಯಿಂದ ಬರಬಹುದು. ನಂದಗಡದ ಆ ಹುಡುಗಿ 2022ರಲ್ಲಿ ಗಳಿಸಿದ ಕ್ರೆಡಿಟ್ ಈ ಲೆಕ್ಕದಲ್ಲಿ 2029ರ ತನಕ ಜೀವಂತ. ಅವಳಿಗೆ ಇದು ತಿಳಿದಿರಬೇಕು, ಕಾಲೇಜಿಗೂ ತಿಳಿದಿರಬೇಕು.

ಈ ನಿಯಮದಲ್ಲಿ ಬಹುತೇಕ ಪಾಲಕರ ಗಮನಕ್ಕೆ ಬಾರದ ಒಂದು ಅಂಶವಿದೆ. ವಿದ್ಯಾರ್ಥಿ ತಾನೇ ಅಂಕಪಟ್ಟಿ ತಂದು ಖಾತೆಗೆ ಹಾಕುವಂತಿಲ್ಲ. ಕ್ರೆಡಿಟ್ ಜಮೆ ಮಾಡಬೇಕಾದದ್ದು ಸಂಸ್ಥೆಯೇ. ವಂಚನೆ ತಡೆಯಲು ಇದು ಸರಿಯಾದ ಕ್ರಮ. ಆದರೆ ಸಂಸ್ಥೆ ಜಮೆ ಮಾಡದಿದ್ದರೆ, ಹೆಸರಿನ ಅಕ್ಷರವೊಂದು ಆಧಾರ್‌ನಲ್ಲಿ ಒಂದು ರೀತಿ, ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇದ್ದು ಜೋಡಣೆ ತಪ್ಪಿದರೆ, ಖಾತೆ ಬರಿದಾಗಿಯೇ ಇರುತ್ತದೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಅಡ್ಡಹೆಸರು ಬರೆಯುವ ಈ ಭಾಗದಲ್ಲಿ ಇಂಥ ಅಕ್ಷರವ್ಯತ್ಯಾಸ ಸಹಜ. ಪ್ರವೇಶದ ದಿನವೇ ಹೆಸರನ್ನು ಎಲ್ಲ ದಾಖಲೆಯಲ್ಲೂ ತಾಳೆ ನೋಡುವುದು, ಪ್ರತಿ ಫಲಿತಾಂಶದ ನಂತರ ಡಿಜಿಲಾಕರ್ ತೆರೆದು ಕ್ರೆಡಿಟ್ ಬಂದಿದೆಯೇ ಎಂದು ನೋಡುವುದು, ಇವೆರಡು ಅಭ್ಯಾಸ ವಿದ್ಯಾರ್ಥಿಗಳಿಗೆ ಬೇಕು.

ಕ್ರೆಡಿಟ್ ಜಮೆಯಾಯಿತು ಎಂದ ಮಾತ್ರಕ್ಕೆ ಹೊಸ ಕಾಲೇಜು ಅದನ್ನು ಒಪ್ಪಲೇಬೇಕೆಂದೇನಿಲ್ಲ. ಬ್ಯಾಂಕ್ ಲೆಕ್ಕ ಇಡುತ್ತದೆ. ಆ ಪತ್ರಿಕೆ ತನ್ನ ಪದವಿಗೆ ಹೊಂದುತ್ತದೆಯೇ ಎಂದು ತೀರ್ಮಾನಿಸುವುದು ವಿಶ್ವವಿದ್ಯಾಲಯವೇ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ತಾಣ ‘ಸ್ವಯಂ’ನ ಕೋರ್ಸುಗಳ ಮಾತೂ ಹೀಗೆಯೇ. ಒಂದು ಸೆಮಿಸ್ಟರಿನ ಶೇ 40ರಷ್ಟು ಕೋರ್ಸುಗಳನ್ನು ಅಲ್ಲಿಂದ ತೆಗೆದುಕೊಳ್ಳಲು ಯುಜಿಸಿ 2021ರಲ್ಲಿ ಅವಕಾಶ ಕೊಟ್ಟಿತು. ಉಪನ್ಯಾಸಕರಿಲ್ಲದ ವಿಷಯವನ್ನು ಚಿಕ್ಕ ಕಾಲೇಜು ಹೀಗೆ ತುಂಬಿಕೊಳ್ಳಬಹುದು. ಆದರೆ ಆ ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಭೀಮಗಡದ ಕಾಡಂಚಿನ ಹಳ್ಳಿಗಳಲ್ಲಿ ಮಳೆಗಾಲಕ್ಕೆ ರಸ್ತೆ ಸಂಪರ್ಕವೇ ಕಡಿಯುವಾಗ ವಿಡಿಯೊ ಪಾಠವನ್ನು ನೆಚ್ಚಿಕೊಳ್ಳುವುದು ಹೇಗೆ? ಕಾಲೇಜಿನ ಗಣಕಯಂತ್ರ ಕೊಠಡಿಯನ್ನು ಸಂಜೆವರೆಗೆ ತೆರೆದಿಟ್ಟು, ಒಬ್ಬ ಉಪನ್ಯಾಸಕರನ್ನು ಮಾರ್ಗದರ್ಶನಕ್ಕೆ ನೇಮಿಸಿದರಷ್ಟೇ ಈ ಅವಕಾಶ ಇಲ್ಲಿಯ ಮಕ್ಕಳ ಕೈಗೆ ಎಟುಕುತ್ತದೆ.

ಗಡಿ ಎದ್ದದ್ದು ಪಠ್ಯದಲ್ಲೂ

ಬೆಳಗಾವಿಯ ಹಳೆಯ ಕಾಲೇಜುಗಳ ಇತಿಹಾಸ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆಎಲ್ಇ ಸಂಸ್ಥೆ ಲಿಂಗರಾಜ ಕಾಲೇಜು ತೆರೆದಾಗ ಅದು ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಧಾರವಾಡದ ಕರ್ನಾಟಕ ಕಾಲೇಜು, ಪುಣೆಯ ಫರ್ಗ್ಯುಸನ್, ಕೊಲ್ಹಾಪುರದ ರಾಜಾರಾಮ್ ಕಾಲೇಜುಗಳೂ ಆಗ ಅದೇ ವಿಶ್ವವಿದ್ಯಾಲಯದವು. ಕೊಲ್ಹಾಪುರ ಆಗ ಬೇರೆ ಸಂಸ್ಥಾನ. ಆದರೂ ಅಲ್ಲಿಂದ ಬೆಳಗಾವಿಗೆ ಬಂದ ವಿದ್ಯಾರ್ಥಿಗೆ ಪಠ್ಯ, ಪರೀಕ್ಷೆ ಅವೇ ಆಗಿದ್ದವು.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, 1962ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ, 1985ರಲ್ಲಿ ಗೋವಾ ವಿಶ್ವವಿದ್ಯಾಲಯ ಬಂದವು. ಬೆಳಗಾವಿಯಲ್ಲಿ 1982ರಿಂದ ಇದ್ದ ಸ್ನಾತಕೋತ್ತರ ಕೇಂದ್ರ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಈಚೆಗೆ ಬಾಗಲಕೋಟೆ ಜಿಲ್ಲೆಗೂ ಬೇರೆ ವಿಶ್ವವಿದ್ಯಾಲಯ ಬಂದಿದೆ. ವಿಶ್ವವಿದ್ಯಾಲಯ ಮನೆಯ ಹತ್ತಿರ ಬಂದದ್ದರಿಂದ ಸಾವಿರಾರು ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ಓದಿದರು. ಅದು ದೊಡ್ಡ ಗಳಿಕೆ. ಜೊತೆಗೇ ಪಠ್ಯಗಳ ನಡುವೆ ಒಂದೊಂದೇ ಬೇಲಿ ಎದ್ದಿತು. ಈಗಂತೂ ಮಹಾರಾಷ್ಟ್ರ, ಗೋವಾ ಎರಡೂ ನಾಲ್ಕು ವರ್ಷದ ರಾಷ್ಟ್ರೀಯ ನೀತಿಯ ಮಾದರಿಯಲ್ಲಿವೆ, ನಾವು ಮೂರು ವರ್ಷದಲ್ಲಿದ್ದೇವೆ. ಚೋರ್ಲಾ ಘಟ್ಟ ಇಳಿದರೆ ಪದವಿಯ ಉದ್ದವೇ ಬದಲಾಗುತ್ತದೆ. ಯಾವ ನೀತಿ ಮೇಲು ಎಂಬ ಚರ್ಚೆ ನಡೆಯಲಿ. ಅದರ ಬೆಲೆಯನ್ನು ಗಡಿ ದಾಟುವ ಮಕ್ಕಳು ತೆರುವಂತಾಗಬಾರದು.

ಮೊದಲೇ ಬರೆದಿಟ್ಟರೆ ಆಗುತ್ತದೆ

ಆಗದ ಕೆಲಸವೇನಲ್ಲ ಎಂಬುದಕ್ಕೆ ಬೆಳಗಾವಿಯಲ್ಲೇ ಸಾಕ್ಷಿ ಇದೆ. ಮಚ್ಛೆಯ ಬಳಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್‌ನ ಮೂರನೆಯ ಸೆಮಿಸ್ಟರಿಗೆ ಸೇರುತ್ತಾರೆ. ಅವರ ಮೂರು ವರ್ಷದ ಓದಿಗೆ ಒಂದು ವರ್ಷದ ಬೆಲೆ ಕಟ್ಟಿದ್ದಾರೆ. ಗಣಿತದಲ್ಲಿ ಕೊರತೆ ಇರುತ್ತದೆ ಎಂದು ಗೊತ್ತಿರುವುದರಿಂದ ಹೆಚ್ಚುವರಿ ಗಣಿತದ ಪತ್ರಿಕೆಯನ್ನು ಕಡ್ಡಾಯ ಮಾಡಿದ್ದಾರೆ. ಪ್ರತಿಯೊಬ್ಬ ವಿದ್ಯಾರ್ಥಿಯ ಫೈಲನ್ನೂ ಹೊಸದಾಗಿ ತೂಗಬೇಕಿಲ್ಲ.

ಬಾಗಿಲು ಮುಚ್ಚಿದ್ದರೂ ಸ್ಪಷ್ಟವಾಗಿ ಹೇಳಿದರೆ ಅದೂ ಉಪಕಾರವೇ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರದು. ಕಾನೂನು ಪದವಿಗೆ ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಅನ್ವಯಿಸುತ್ತವೆ. ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಗಳಿಗೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ ಬೇಕು. ಬಿ.ಎ. ಆಗಿದೆ ಎಂದು ಐದು ವರ್ಷದ ಕೋರ್ಸಿನ ನಡುವೆ ಸೇರುವಂತಿಲ್ಲ, ನಡುವೆ ಅರ್ಧ ಪದವಿ ಹಿಡಿದು ಹೊರಬರುವಂತೆಯೂ ಇಲ್ಲ. ಪದವೀಧರರಿಗೆ ಮೂರು ವರ್ಷದ ಎಲ್ಎಲ್‌ಬಿ ಬೇರೆಯೇ ಇದೆ. ನಿಯಮ ಕಟ್ಟುನಿಟ್ಟು, ಆದರೆ ಸೇರುವ ಮೊದಲೇ ತಿಳಿಯುತ್ತದೆ.

ಮಾನ್ಯತೆಯನ್ನು ಮೊದಲೇ ನೋಡಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ರಾಜ್ಯ ಕಂಡಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013–14ರಿಂದ ಯುಜಿಸಿ ಮಾನ್ಯತೆ ತಪ್ಪಿ, 2018ರಲ್ಲಿ ಮರಳಿತು. ನಡುವಿನ ವರ್ಷಗಳಲ್ಲಿ ಓದಿದ ಎಷ್ಟೋ ಮಂದಿ, ಪಾಠ ಕಲಿತಿದ್ದರೂ ಪದವಿ ತೋರಿಸಲಾರದೆ ತೊಳಲಿದರು.

ಮೊದಲೇ ನಿಯಮ ಬರೆದಿಟ್ಟು ಲೆಕ್ಕಕ್ಕೆ ಹಿಡಿಯಬಹುದಾದ ಇನ್ನೊಂದು ಬಗೆಯ ಕಲಿಕೆಯೂ ಖಾನಾಪುರದಲ್ಲಿದೆ. ಅಲ್ಲಿಯ ಮಣ್ಣು ಕುಂಬಾರಿಕೆಗೆ, ಹೆಂಚಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಅಲ್ಲಿಯೇ ಇದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್ ಎಂದು ಲೆಕ್ಕ ಹಾಕುತ್ತದೆ, ಪರೀಕ್ಷಿಸಿ ನೋಡಿದ ಕುಶಲ ಕೆಲಸವನ್ನೂ ಆ ಲೆಕ್ಕದೊಳಗೆ ತರುತ್ತದೆ. ಮಣ್ಣು ಸೋಸಿ ಹದಮಾಡುವುದು, ತಿಗರಿಯ ಮೇಲೆ ಮಣ್ಣನ್ನು ನಡುವಿಗೆ ತಂದು ನಿಲ್ಲಿಸುವುದು, ಒಣಗಿಸುವಾಗ ಬಿರುಕು ಬಾರದಂತೆ ನೋಡಿಕೊಳ್ಳುವುದು, ಆವಿಗೆಯ ಬಿಸಿ ಅರಿಯುವುದು, ಇದರಲ್ಲಿ ರಸಾಯನಶಾಸ್ತ್ರವೂ ಇದೆ, ಕಲೆಯೂ ಇದೆ. ಅದೇ ಊರಿನ ಪದವಿ ಕಾಲೇಜು ತನ್ನ ವಿದ್ಯಾರ್ಥಿಗಳ ಕೌಶಲ ಪತ್ರಿಕೆಯನ್ನು ಅಲ್ಲಿ ಕಲಿಸಿದರೆ, ಅಲ್ಲಿ ತರಬೇತಿ ಪಡೆದವರು ಪದವಿಗೆ ಬಂದಾಗ ಆ ಗಂಟೆಗಳನ್ನು ಎಣಿಸಿದರೆ, ಚಿಕ್ಕ ಊರಿನ ಕಾಲೇಜಿಗೆ ದೊಡ್ಡ ನಗರದಲ್ಲೂ ಸಿಗದ ಒಂದು ವಿಷಯ ಸಿಕ್ಕಂತಾಗುತ್ತದೆ.

ಹೊರೆ ಯಾರದು?

ಯುರೋಪಿನಲ್ಲೂ ನೂರೆಂಟು ಭಾಷೆ, ನೂರೆಂಟು ವಿಶ್ವವಿದ್ಯಾಲಯ. 1989ರಲ್ಲಿ ಅಲ್ಲಿ ಕ್ರೆಡಿಟ್ ವರ್ಗಾವಣೆಯ ಸಾಮಾನ್ಯ ಪದ್ಧತಿ ಶುರುವಾಯಿತು. ಒಂದು ವರ್ಷದ ಪೂರ್ತಿ ಓದಿಗೆ 60 ಕ್ರೆಡಿಟ್. 1997ರ ಲಿಸ್ಬನ್ ಒಡಂಬಡಿಕೆ ಇನ್ನೂ ಮುಖ್ಯವಾದ ತತ್ವವೊಂದನ್ನು ಇಟ್ಟಿತು. ಬೇರೆ ದೇಶದಲ್ಲಿ ಓದಿದ್ದನ್ನು ಒಪ್ಪುವುದೇ ಮೊದಲ ನಿಲುವು. ಒಪ್ಪುವುದಿಲ್ಲ ಎಂದರೆ, ಎರಡರ ನಡುವೆ ಗಣನೀಯ ವ್ಯತ್ಯಾಸವಿದೆ ಎಂದು ಸಂಸ್ಥೆಯೇ ತೋರಿಸಬೇಕು. ಸಾಬೀತಿನ ಹೊರೆ ವಿದ್ಯಾರ್ಥಿಯ ಹೆಗಲಿಂದ ಸಂಸ್ಥೆಯ ಮೇಜಿಗೆ ಹೋಯಿತು.

ಆ ಒಂದು ತತ್ವ ಬೆಳಗಾವಿಗೆ ಬಂದರೆ ಸಾಕು, ಉಳಿದದ್ದು ಹಿಂದೆಯೇ ಬರುತ್ತದೆ. ರಾಣಿ ಚನ್ನಮ್ಮ, ಕರ್ನಾಟಕ, ಶಿವಾಜಿ, ಗೋವಾ ವಿಶ್ವವಿದ್ಯಾಲಯಗಳ ಮೊದಲ ಎರಡು ವರ್ಷದ ಪಠ್ಯಗಳಿಗೆ ವಿಷಯವಾರು ಸಮಾನತಾ ಪಟ್ಟಿ ಮಾಡಿ ಪ್ರಕಟಿಸಬೇಕು. ಪಟ್ಟಿಯಲ್ಲಿಲ್ಲದ ಪತ್ರಿಕೆಯ ತೀರ್ಮಾನ 30 ದಿನದೊಳಗೆ, ಕಾರಣ ಸಹಿತ ಬರವಣಿಗೆಯಲ್ಲಿ ಬರಬೇಕು. ತೀರ್ಮಾನ ತಡವಾದರೆ ಆ ಸೆಮಿಸ್ಟರಿನ ಪರೀಕ್ಷೆಗೆ ತಾತ್ಕಾಲಿಕವಾಗಿ ಕೂರಿಸಬೇಕು. ಹಳೆಯ ನೀತಿಯಡಿ ಒಂದೋ ಎರಡೋ ವರ್ಷ ಓದಿ ಬಿಟ್ಟವರನ್ನು ಕಾಲೇಜುಗಳೇ ಹುಡುಕಿ, ಏಳು ವರ್ಷದ ಅವಧಿ ಮುಗಿಯುವ ಮೊದಲು ಪತ್ರ ಬರೆದು ಕರೆಯಬೇಕು. ಅವರ ಹೆಸರು, ವಿಳಾಸ ಪ್ರವೇಶ ರಿಜಿಸ್ಟರಿನಲ್ಲೇ ಇವೆ.

ಇದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನ ಬೇಡ. ಬೇಕಾದದ್ದು ಅಧ್ಯಯನ ಮಂಡಳಿಗಳ ಕೆಲವು ದಿನಗಳ ದುಡಿಮೆ ಮತ್ತು ಪ್ರತಿ ಕಾಲೇಜಿನಲ್ಲಿ ಈ ನಿಯಮಗಳನ್ನು ಬಲ್ಲ, ಸಹಿ ಮಾಡುವ ಅಧಿಕಾರವುಳ್ಳ ಒಬ್ಬ ಉಪನ್ಯಾಸಕ. ಪರೀಕ್ಷೆ ಬರೆದು ಪಾಸಾದಾಗಲೇ ವಿದ್ಯಾರ್ಥಿ ತಾನು ಕಲಿತದ್ದನ್ನು ಒಮ್ಮೆ ಸಾಬೀತು ಮಾಡಿರುತ್ತಾನೆ. ಎರಡನೆಯ ಸಲ ಸಾಬೀತು ಮಾಡು ಎಂದು ಕೇಳುವ ಮೊದಲು ಏಕೆ ಎಂದು ಹೇಳುವ ಬಾಧ್ಯತೆ ಸಂಸ್ಥೆಗಿರಲಿ.